ಉದ್ದ ಸರಿಹೋಯಿತು, ಶ್ರುತಿ ಹೋಯಿತು

ಸಂಗೀತದ ವಿಡಿಯೊವನ್ನು ಎಡಿಟಿಂಗಿಗೆ ಕೊಡುವವರಿದ್ದರೆ ಇದನ್ನೊಮ್ಮೆ ಓದಿ. ನಾನು ದುಡ್ಡು ಕೊಟ್ಟು ನಮ್ಮ ಗುರುಗಳ ದನಿಯನ್ನು ಕೆಡಿಸಿಕೊಂಡು ಬಂದಿದ್ದೇನೆ.

ಗುರುಗಳಿಗೆ ಎಪ್ಪತ್ತೈದು ತುಂಬಿದ ನೆಪದಲ್ಲಿ ಬೆಳಗಾವಿಯ ಶಹಾಪುರದ ಅವರ ಮನೆಯಲ್ಲಿಯೇ ಒಂದು ತಾಸಿನ ಬೈಠಕ್ ಇಟ್ಟುಕೊಂಡಿದ್ದೆವು. ದಾಸರ ಪದ, ವಚನ, ಕೊನೆಗೊಂದು ಭೈರವಿ. ಕ್ಯಾಮೆರಾ ಹಿಂದೆ, ಫ್ಯಾನಿನ ಕೆಳಗಿತ್ತು. ಅದರ ದನಿಯನ್ನು ನಂಬುವಂತಿರಲಿಲ್ಲವೆಂದು ಪೇಟಿಯ (ಹಾರ್ಮೋನಿಯಂ) ಪಕ್ಕದಲ್ಲಿ ಬೇರೆ ರೆಕಾರ್ಡರ್ ಇಟ್ಟಿದ್ದೆ. ಭೈರವಿ ಮುಗಿದು ಚಪ್ಪಾಳೆ ಬೀಳುವಾಗ ಅದರ ಬ್ಯಾಟರಿ ಮುಗಿದು ಆರಿಹೋಯಿತು. ದನಿಯ ವಿವರಗಳನ್ನು ಕೆಲವು ರೆಕಾರ್ಡರುಗಳು ಫೈಲ್ ಮುಚ್ಚುವಾಗ ಬರೆಯುತ್ತವೆ, ನನ್ನದೂ ಅಂಥದ್ದೇ. ದನಿಯೆಲ್ಲ ಕಾರ್ಡಿನಲ್ಲಿತ್ತು, ಫೈಲ್ ಮಾತ್ರ ತೆರೆಯುತ್ತಿರಲಿಲ್ಲ.

ಊರಿನ ಒಂದು ಎಡಿಟಿಂಗ್ ಅಂಗಡಿಗೆ ಹೋದೆ. ಅಲ್ಲಿನ ಹುಡುಗ "ಇದೇನು ದೊಡ್ಡ ಕೆಲಸವಲ್ಲ ಸರ್" ಎಂದು ಫೈಲನ್ನು ಕಚ್ಚಾ ದತ್ತಾಂಶವಾಗಿಯೇ ತೆರೆದ. ಸೆಕೆಂಡಿಗೆ ಎಷ್ಟು ಮಾದರಿ, ಅಂದರೆ ದನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ಬರೆದಿದೆ, ಎಂದು ಸಾಫ್ಟ್‌ವೇರ್ ಕೇಳಿತು. ವಿಡಿಯೊದ ದನಿ ಸಾಮಾನ್ಯವಾಗಿ 48,000 ಇರುತ್ತದೆ. ಅವನು ಅದನ್ನೇ ಒತ್ತಿದ. ನನ್ನ ರೆಕಾರ್ಡರ್ ಬರೆದುಕೊಂಡಿದ್ದು ಸಿ.ಡಿ.ಯ ಲೆಕ್ಕದಲ್ಲಿ, 44,100. ಅವನು ಕೇಳಲಿಲ್ಲ, ಪಕ್ಕದಲ್ಲೇ ಚಹಾ ಕುಡಿಯುತ್ತ ಕುಳಿತಿದ್ದ ನಾನೂ ಹೇಳಲಿಲ್ಲ.

ಒಂದು ತಾಸಿನ ಹಾಡು 55 ನಿಮಿಷ 7 ಸೆಕೆಂಡಿಗೆ ಮುಗಿದುಹೋಯಿತು. ಶ್ರುತಿಯೂ ಏರಿತು. ಪೇಟಿಯಲ್ಲಿ ಒಂದು ಪಟ್ಟಿಯಿಂದ ಅದಕ್ಕೆ ಹತ್ತಿದ ಪಟ್ಟಿಗೆ ಇರುವುದು ಒಂದು ಅಂತರ ಎಂದುಕೊಂಡರೆ, ಇದು ಹೆಚ್ಚುಕಡಿಮೆ ಒಂದೂವರೆ. ಇಷ್ಟರ ಮಟ್ಟಿಗೆ ಕೆಟ್ಟಿದ್ದರೂ ಚಿಂತೆಯಿರಲಿಲ್ಲ. 44,100 ಎಂದು ತಿದ್ದಿ ಮತ್ತೆ ತೆರೆದರೆ ಉದ್ದವೂ ಶ್ರುತಿಯೂ ಒಟ್ಟಿಗೇ ಮನೆಗೆ ಬರುತ್ತಿದ್ದವು.

ಹುಡುಗ ಹಾಗೆ ಮಾಡಲಿಲ್ಲ. ದನಿ ಐದು ನಿಮಿಷ ಕಡಿಮೆ ಬಿದ್ದದ್ದನ್ನು ಕಂಡು ಅದನ್ನು ಎಳೆದು ಚಿತ್ರಕ್ಕೆ ಹೊಂದಿಸಿದ. ಎಳೆಯುವಾಗ ಶ್ರುತಿ ಕಾಯುವ ಗುಂಡಿಯನ್ನೂ ಒತ್ತಿದ. ಅಲ್ಲಿಗೆ ಮುಗಿಯಿತು. ತುಟಿಗೆ ಮಾತು ಸರಿಯಾಗಿ ಕೂತಿತು, ಬೆರಳಿಗೆ ತಬಲಾ ಕೂತಿತು, ಗಡಿಯಾರ ಸರಿಯಾಯಿತು. ತಪ್ಪಾಗಿ ಏರಿದ್ದ ಶ್ರುತಿ ಮಾತ್ರ ಏರಿದಲ್ಲೇ ಉಳಿಯಿತು, ಏಕೆಂದರೆ ಅದನ್ನು ಕಾಪಾಡಲು ಹೇಳಿದವರು ನಾವೇ. ಹಿಂದಿದ್ದ ಕ್ಯಾಮೆರಾದ ದನಿಯನ್ನು ಒಮ್ಮೆ ಕೇಳಿ ಹೋಲಿಸಿದ್ದರೂ ಸಿಕ್ಕಿಬೀಳುತ್ತಿತ್ತು. ಫ್ಯಾನಿನ ಸದ್ದೆಂದು ಅದನ್ನು ಮೊದಲೇ ಮುಚ್ಚಿಟ್ಟಿದ್ದೆವು.

ನಲವತ್ತು ಪೆನ್‌ಡ್ರೈವ್ ಮಾಡಿಸಿ ಕುಂದಾದ ಡಬ್ಬಿಯ ಜೊತೆ ಹಂಚಿದೆ. ಗುರುಗಳು ತಮ್ಮದನ್ನು ಟಿವಿಗೆ ಹಾಕಿಸಿಕೊಂಡು, ಎಂದಿನಂತೆ ಪೇಟಿ ಮುಂದೆಳೆದುಕೊಂಡರು. ಅವರು ಹಾಡುವುದು ಕಪ್ಪು ಒಂದರಲ್ಲಿ, ಅಂದರೆ ಸಪ್ತಕದ ಮೊದಲನೆಯ ಕಪ್ಪು ಪಟ್ಟಿಯ ಶ್ರುತಿಯಲ್ಲಿ. ಅಲ್ಲಿ ಬೆರಳಿಟ್ಟರು, ಕೂಡಲಿಲ್ಲ. ಪಕ್ಕದ ಬಿಳಿ ಎರಡಕ್ಕೆ ಸರಿದರು, ಹಾಡು ಮೇಲಿತ್ತು. ಕಪ್ಪು ಎರಡಕ್ಕೆ ಹೋದರು, ಹಾಡು ಕೆಳಗಿತ್ತು. ಗಾಳಿಯ ಭಾತೆ ಒತ್ತುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. "ತಮ್ಮಾ, ಇವರಿಗೆ ಪೇಟಿಯಲ್ಲಿ ಜಾಗವೇ ಇಲ್ಲವಲ್ಲ. ಯಾರಿವರು?"

ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಇನ್ನೊಂದು ಗಾಯವಿದೆ. ಶ್ರುತಿ ಬದಲಿಸದೆ ದನಿಯನ್ನು ಎಳೆಯುವ ಒಂದು ಸಾಮಾನ್ಯ ವಿಧಾನದಲ್ಲಿ ಅದನ್ನು ಸೆಕೆಂಡಿನ ಸಣ್ಣ ಸಣ್ಣ ಚೂರುಗಳಾಗಿ ಕತ್ತರಿಸಿ, ಒಂದರ ಮೇಲೊಂದು ಹೊದಿಸಿ, ಅಲ್ಲಲ್ಲಿ ಚೂರನ್ನು ಮತ್ತೊಮ್ಮೆ ನುಡಿಸಿ ಉದ್ದ ತುಂಬುತ್ತಾರೆ. ಭಾಷಣಕ್ಕೆ ಇದು ನಡೆಯುತ್ತದೆ. ಉಪನ್ಯಾಸವನ್ನು ಒಂದೂವರೆ ವೇಗದಲ್ಲಿ ಕೇಳುವಾಗ ದನಿ ಕೀರಲಾಗದಿರುವುದು ಇಂಥದೇ ಉಪಾಯದಿಂದ. ಅಲ್ಲಿ ಚೂರು ಬಿಡುತ್ತಾರೆ, ಇಲ್ಲಿ ತುಂಬುತ್ತಾರೆ. ತಬಲಾದ ಪೆಟ್ಟು ಚೂರಿನ ಅಂಚಿಗೆ ಸಿಕ್ಕರೆ ಎರಡಾಗಿ ಕೇಳುತ್ತದೆ. ನಮ್ಮ ತಬಲಾದವರು ಕೇಳಿ, "ನಾನು ಇಷ್ಟು ತೊದಲುತ್ತ ಬಾರಿಸಿದೆನೇ?" ಎಂದು ಎರಡು ದಿನ ಊಟ ಬಿಟ್ಟವರಂತೆ ಇದ್ದರು. ಈಗ ಶ್ರುತಿಯನ್ನು ಇಳಿಸಿ ಕಪ್ಪು ಒಂದಕ್ಕೆ ತಂದಿದ್ದೇನೆ, ಆದರೆ ಆ ತೊದಲು ಹೋಗುವುದಿಲ್ಲ. ಮೂಲ ಫೈಲುಗಳನ್ನು ಜಾಗ ಸಾಲದೆಂದು ಅಂಗಡಿಯವರು ಅಳಿಸಿದ್ದರು. ಕಾರ್ಡನ್ನು ಮುಂದಿನ ವಾರದ ಭಜನೆಗೆಂದು ನಾನೇ ಅಳಿಸಿದ್ದೆ. ಬೈಯುವುದಾದರೆ ಇಬ್ಬರನ್ನೂ ಬೈಯಬೇಕು.

ಆದ್ದರಿಂದ, ದನಿ ಚಿತ್ರಕ್ಕಿಂತ ಗಿಡ್ಡವೋ ಉದ್ದವೋ ಆಗಿ ಕಂಡರೆ ಎಳೆಯಲು ಬಿಡುವ ಮೊದಲು ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡಿ. 0.919 ಅಥವಾ 1.088ರ ಆಸುಪಾಸು ಬಂದರೆ 44,100 ಮತ್ತು 48,000ರ ಗೊಂದಲ. ಎಳೆಯಬೇಡಿ, ಮಾದರಿಯ ಸಂಖ್ಯೆ ತಿದ್ದಿಸಿ. 1.04ರ ಹತ್ತಿರ ಬಂದರೆ ಅದು ಸೆಕೆಂಡಿಗೆ 24 ಚಿತ್ರದ ಸಿನಿಮಾವನ್ನು 25 ಚಿತ್ರದ ಟಿವಿಗೆಂದು ಓಡಿಸಿದ ಹಳೆಯ ಪ್ರತಿಯಿರಬಹುದು. ಶ್ರುತಿ ಕಾಯದೆ ಓಡಿಸಿದ್ದರೆ ಅಲ್ಲಿಯೂ ಅದು ಮುಕ್ಕಾಲು ಪಟ್ಟಿಯಷ್ಟು ಏರಿರುತ್ತದೆ. ದನಿ ತಿದ್ದುವ ಆಡಾಸಿಟಿ ಸಾಫ್ಟ್‌ವೇರಿನಲ್ಲಾದರೆ ಟೆಂಪೊ ಬದಲಿಸುವುದು ಬೇರೆ, ಸ್ಪೀಡ್ ಬದಲಿಸುವುದು ಬೇರೆ: ಮೊದಲನೆಯದು ಶ್ರುತಿ ಕಾಯುತ್ತದೆ, ಎರಡನೆಯದು ಉದ್ದವನ್ನೂ ಶ್ರುತಿಯನ್ನೂ ಒಟ್ಟಿಗೇ ಬದಲಿಸುತ್ತದೆ. ಇಂಥ ರಿಪೇರಿಗೆ ಬೇಕಾದದ್ದು ಎರಡನೆಯದು. ಎಡಿಟಿಂಗಿನವರು "ಶ್ರುತಿ ಕೆಡದಂತೆ ಹೊಂದಿಸುತ್ತೇನೆ" ಎಂದರೆ ಯಾವ ಶ್ರುತಿ ಎಂದು ಕೇಳಿ. ನಾನೀಗ ಪ್ರತಿ ಧ್ವನಿಮುದ್ರಣದ ಮೊದಲು ಪೇಟಿಯ ಷಡ್ಜವನ್ನು ಹತ್ತು ಸೆಕೆಂಡು ಹಿಡಿಸಿ, "ಕಪ್ಪು ಒಂದು" ಎಂದು ಬಾಯಲ್ಲಿ ಹೇಳಿ ಶುರುಮಾಡುತ್ತೇನೆ.

ನಲವತ್ತರಲ್ಲಿ ಇಪ್ಪತ್ತಾರು ಪೆನ್‌ಡ್ರೈವ್ ವಾಪಸು ಬಂದಿವೆ. ಉಳಿದವು ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಅದನ್ನು ಹಾಕಿಕೊಂಡು ರಿಯಾಜು ಮಾಡಬೇಡಿ. ಕೊಟ್ಟರೆ ಬದಲಿ ಪ್ರತಿ ಕೊಡುತ್ತೇನೆ, ಕುಂದಾ ಕೂಡ.