ಸ್ಟಿಕ್‌ಗೆ ಪೂರ್ತಿ ಅಂಕ, ಸ್ಕ್ರೂಡ್ರೈವರ್‌ಗೆ ಸೊನ್ನೆ

ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್‌ಗೆ ಹಾಕುವ ಹಾಲ್ ಎಫೆಕ್ಟ್ ಜಾಯ್‌ಸ್ಟಿಕ್ ಕಿಟ್ ಇದು. ಡಬ್ಬಿಯಲ್ಲಿ ಎರಡು ಸ್ಟಿಕ್, ಎರಡು ಸ್ಕ್ರೂಡ್ರೈವರ್, ಒಂದು ಚಿಮುಟ, ಕವಚ ಬಿಡಿಸಲು ಪ್ಲಾಸ್ಟಿಕ್ ಪಟ್ಟಿ, ಜೊತೆಗೆ ಒಂದು ಚೀಟಿ. ಕೊಳ್ಳಬೇಕಾದದ್ದು ಸ್ಟಿಕ್‌ಗೋಸ್ಕರ ಮಾತ್ರ. ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ನನ್ನ ಕನ್ಸೋಲ್‌ನ ಕಾಯಿಲೆ ಡ್ರಿಫ್ಟ್. ಎಡಗಡೆ ಸ್ಟಿಕ್ ಮುಟ್ಟದೇ ಇದ್ದರೂ ಪಾತ್ರ ತಾನಾಗೇ ನಡೆಯುತ್ತಿತ್ತು. ಮೆನು ತೆರೆದರೆ ಆಯ್ಕೆ ಕೆಳಕ್ಕೆ ಜಾರಿಕೊಂಡೇ ಹೋಗುತ್ತಿತ್ತು. ನಾನು ಆಡುವುದು ಜಾಸ್ತಿ ಜಿಗಿಯುವ ಆಟಗಳನ್ನೇ. ಅಂಚಿನಲ್ಲಿ ನಿಂತು ಜಿಗಿಯುವ ಲೆಕ್ಕ ಹಾಕುವಷ್ಟರಲ್ಲಿ ನಮ್ಮ ಹುಡುಗ ಪ್ರಪಾತದಲ್ಲಿ ಇರುತ್ತಿದ್ದ. ಸಿಟ್ಟು ಬರುತ್ತೆ ಅಲ್ವಾ?

ಇದಕ್ಕೆ ಕಾರಣ ಸರಳ. ಸಾಮಾನ್ಯ ಸ್ಟಿಕ್‌ನ ಒಳಗೆ ಕಾರ್ಬನ್ ಲೇಪದ ಪಟ್ಟಿ ಇರುತ್ತದೆ. ಅದರ ಮೇಲೆ ಸಣ್ಣ ಲೋಹದ ಕಡ್ಡಿ ಉಜ್ಜುತ್ತಾ ಓಡಾಡುತ್ತದೆ. ಅದು ಎಲ್ಲಿದೆ ಎಂಬುದರ ಮೇಲೆ ವೋಲ್ಟೇಜ್ ಬದಲಾಗುತ್ತದೆ, ಯಂತ್ರ ಅದನ್ನೇ ದಿಕ್ಕು ಅಂತ ಓದಿಕೊಳ್ಳುತ್ತದೆ. ಉಜ್ಜಿ ಉಜ್ಜಿ ಲೇಪ ಸವೆದರೆ, ಇಲ್ಲವೇ ಆ ಪುಡಿ ನಡುವೆ ಸಿಕ್ಕಿಕೊಂಡರೆ, ಸ್ಟಿಕ್ ನೆಟ್ಟಗೆ ನಿಂತಿದ್ದರೂ ಯಂತ್ರಕ್ಕೆ ಅದು ವಾಲಿದಂತೆ ಕಾಣುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದರೆ ಪುಡಿ ಹೋಗುತ್ತದೆ, ಸವೆದ ಲೇಪ ವಾಪಸ್ ಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಡೆಡ್‌ಝೋನ್, ಅಂದರೆ ಸ್ಟಿಕ್ ಸ್ವಲ್ಪ ಅಲುಗಿದರೂ ಯಂತ್ರ ಲೆಕ್ಕಕ್ಕೆ ಹಿಡಿಯದ ನಡುವಿನ ಜಾಗ, ಜಾಸ್ತಿ ಮಾಡಿದರೆ ರೋಗ ಮುಚ್ಚಿಹೋಗುತ್ತದೆ ಅಷ್ಟೇ. ಆಮೇಲೆ ಸ್ಟಿಕ್ ಸ್ವಲ್ಪ ವಾಲಿಸಿ ಮೆಲ್ಲಗೆ ನಡೆಸಲು ಆಗುವುದಿಲ್ಲ.

ಹಾಲ್ ಎಫೆಕ್ಟ್ ಸ್ಟಿಕ್‌ನಲ್ಲಿ ಈ ಉಜ್ಜಾಟವೇ ಇಲ್ಲ. ಸ್ಟಿಕ್‌ನ ಬುಡದಲ್ಲಿ ಅಯಸ್ಕಾಂತ, ಅದರ ಎದುರು ಆ ಅಯಸ್ಕಾಂತದ ಬಲ ಅಳೆಯುವ ಸೆನ್ಸರ್. ಒಂದಕ್ಕೊಂದು ಮುಟ್ಟುವುದಿಲ್ಲ. ಇದೇನು ಹೊಸ ವಿದ್ಯೆಯಲ್ಲ. ಈ ಸೆನ್ಸರ್‌ನ ಹಿಂದಿರುವ ಗುಣವನ್ನು ಎಡ್ವಿನ್ ಹಾಲ್ ಎಂಬ ವಿಜ್ಞಾನಿ ಕಂಡುಹಿಡಿದದ್ದು 1879ರಲ್ಲಿ. 1998ರಲ್ಲಿ ಬಂದ ಸೆಗಾ ಡ್ರೀಮ್‌ಕಾಸ್ಟ್ ಎಂಬ ಗೇಮ್ ಕನ್ಸೋಲ್‌ನ ಕಂಟ್ರೋಲರ್‌ನಲ್ಲೇ ಇಂಥ ಸ್ಟಿಕ್ ಇತ್ತು. ಆಮೇಲೂ ವರ್ಷಗಟ್ಟಲೆ ಉಜ್ಜುವ ಸ್ಟಿಕ್‌ಗಳನ್ನೇ ನಮಗೆ ಕಟ್ಟುತ್ತಾ ಬಂದರಲ್ಲ, ಅದು ಬೇರೆ ಕಥೆ.

ಈಗ ಸ್ಕ್ರೂಡ್ರೈವರ್ ವಿಷಯ. ನನ್ನ ಕನ್ಸೋಲ್‌ನ ಹೊರಗಿನ ಸ್ಕ್ರೂಗಳಿಗೆ ಮೂರು ಗೀಟಿನ ತಲೆ. ಕಿಟ್‌ನಲ್ಲಿ ಅದಕ್ಕೆ ಕೊಟ್ಟಿರುವ ಡ್ರೈವರ್‌ನ ತುದಿ ಬೆಣ್ಣೆಯಷ್ಟು ಮೆತ್ತಗೆ. ಮೊದಲ ಬಿಗಿ ಸ್ಕ್ರೂಗೇ ತುದಿ ಉರುಟಾಯಿತು. ಇದರಲ್ಲೇ ಮುಂದುವರಿದರೆ ಸ್ಕ್ರೂ ತಲೆಯೂ ಸವೆದು ಕವಚ ಬಿಚ್ಚಲಾಗದ ಗತಿ ಬರುತ್ತದೆ. ಗಟ್ಟಿ ಸ್ಟೀಲ್‌ನ ಡ್ರೈವರ್ ಬೇರೆಯಾಗಿ ಇಟ್ಟುಕೊಳ್ಳಿ. ಮೇಲಿಂದ ಚೆನ್ನಾಗಿ ಒತ್ತಿ ಹಿಡಿದು ನಿಧಾನಕ್ಕೆ ತಿರುಗಿಸಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ಕಾಗದದ ಮೇಲೆ ಕನ್ಸೋಲ್‌ನ ಆಕಾರ ಬರೆದು, ತೆಗೆದ ಜಾಗದಲ್ಲೇ ಒಂದೊಂದನ್ನೂ ಇಡುತ್ತಾ ಹೋಗಿ. ಉದ್ದದ್ದನ್ನು ಗಿಡ್ಡ ತೂತಿಗೆ ಹಾಕಿದರೆ ಪ್ಲಾಸ್ಟಿಕ್ ಉಬ್ಬುತ್ತದೆ, ಕೆಲವೊಮ್ಮೆ ಬಿರುಕೂ ಬಿಡುತ್ತದೆ.

ಕವಚ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಬೇಕು. ಚೀಟಿಯಲ್ಲಿ ಈ ಮಾತೇ ಇಲ್ಲ! ಕಿಟ್ ಮಾರುವವರು ಬೇರೇನು ಬಿಟ್ಟರೂ ಇದನ್ನು ಬಿಡಬಾರದಿತ್ತು.

ನಿಜವಾದ ಕೆಲಸ ರಿಬ್ಬನ್ ಕೇಬಲ್‌ನದ್ದು. ಕಾಗದದಷ್ಟು ತೆಳ್ಳಗಿನ ಪಟ್ಟಿ ಅದು. ಬೋರ್ಡ್‌ನ ಸಣ್ಣ ಬಾಯಿಯೊಳಗೆ ಕೂತಿರುತ್ತದೆ, ಮೇಲೆ ಉಗುರಿನ ಚೂರಿನಂಥ ಲಾಕ್. ಕೆಲವು ಬೋರ್ಡ್‌ಗಳಲ್ಲಿ ಲಾಕನ್ನು ಮೇಲಕ್ಕೆ ಎತ್ತಬೇಕು, ಕೆಲವದರಲ್ಲಿ ಮುಂದಕ್ಕೆ ಎಳೆಯಬೇಕು. ಯಾವುದು ಅಂತ ನೋಡಿಕೊಳ್ಳದೆ ಚಿಮುಟ ಹಾಕಬೇಡಿ. ಲಾಕ್ ಮುರಿದರೆ ಬೋರ್ಡ್‌ಗೆ ಹೊಸ ಕನೆಕ್ಟರ್ ಬೆಸುಗೆ ಹಾಕಿಸಬೇಕಾದೀತು. ಹೊಸ ಸ್ಟಿಕ್‌ನ ಕೇಬಲ್ ತೂರಿಸುವಾಗ ಅದು ಪೂರ್ತಿ ಒಳಗೆ ಹೋಗಬೇಕು, ನೆಟ್ಟಗೂ ಇರಬೇಕು. ಕೂದಲೆಳೆಯಷ್ಟು ಓರೆಯಾದರೂ ಒಂದು ದಿಕ್ಕು ಕೆಲಸ ಮಾಡದೇ ಹೋಗಬಹುದು. ಹಾಗಾಗಿ ಕೇಬಲ್ ಕೂರಿಸಿದ ಮೇಲೆ, ಕವಚ ಮುಚ್ಚುವ ಮೊದಲೇ ಬ್ಯಾಟರಿ ಜೋಡಿಸಿ ಒಮ್ಮೆ ಆನ್ ಮಾಡಿ ನೋಡಿ. ಚಿಮುಟದ ಬಗ್ಗೆ ಒಂದು ಮಾತು: ಕಿಟ್‌ನದ್ದರ ಎರಡು ತುದಿ ಒಂದಕ್ಕೊಂದು ಸೇರುವುದೇ ಇಲ್ಲ. ಹುಬ್ಬು ಕೀಳುವ ಚಿಮುಟ ಇದಕ್ಕಿಂತ ವಾಸಿ.

ಜೋಡಿಸಿದ ತಕ್ಷಣ ನೋಡಿದರೆ ಹೊಸ ಸ್ಟಿಕ್ ಕೂಡ ಸ್ವಲ್ಪ ಎಡಕ್ಕೆ ವಾಲಿತ್ತು. ಗಾಬರಿ ಬೇಡ. ಯಂತ್ರದ ನೆನಪಿನಲ್ಲಿ ಇನ್ನೂ ಹಳೇ ಸ್ಟಿಕ್‌ನ ಲೆಕ್ಕವೇ ಇರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಕ್ಯಾಲಿಬ್ರೇಷನ್ ಮಾಡಿದರೆ, ಅಂದರೆ ಹೊಸ ಸ್ಟಿಕ್‌ನ ಲೆಕ್ಕವನ್ನು ಯಂತ್ರಕ್ಕೆ ಕಲಿಸಿದರೆ, ಪರದೆಯ ಮೇಲೆ ಸ್ಟಿಕ್‌ನ ಜಾಗ ತೋರಿಸುವ ಚುಕ್ಕಿ ನಡುವೆ ಬಂದು ನಿಲ್ಲುತ್ತದೆ. ಆಮೇಲೆ ಅಂಚಿಗೆ ಒತ್ತಿ ಪೂರ್ತಿ ಸುತ್ತು ತಿರುಗಿಸಿ. ನಾಲ್ಕೂ ಕಡೆ ಕೊನೆ ಮುಟ್ಟಬೇಕು.

ಆಡುವಾಗಿನ ಅನುಭವ? ಹಳೆಯದಕ್ಕಿಂತ ಸ್ಪ್ರಿಂಗ್ ಕೊಂಚ ಬಿಗಿ. ನನಗೆ ಅದೇ ಇಷ್ಟವಾಯಿತು. ಬೆರಳು ಬಿಟ್ಟರೆ ಟಕ್ ಅಂತ ನಡುವಿಗೆ ಬರುತ್ತದೆ. ಸ್ಟಿಕ್ ಒತ್ತಿದಾಗಿನ ಕ್ಲಿಕ್ ಮಾತ್ರ ತುಸು ಗಡುಸು. ಒಂದೇ ಸಮನೆ ಓಡಲು ಅದನ್ನೇ ಒತ್ತಬೇಕಾದ ಆಟಗಳಲ್ಲಿ ಹೆಬ್ಬೆರಳು ನೋಯುತ್ತದೆ. ಇನ್ನೊಂದು, ಇದು ಅಮರ ಸ್ಟಿಕ್ ಅಲ್ಲ. ಸೆನ್ಸರ್ ಸವೆಯದೇ ಇರಬಹುದು, ಸ್ಪ್ರಿಂಗ್ ಸಡಿಲವಾಗಬಹುದು, ಮೇಲಿನ ರಬ್ಬರ್ ಹರಿಯಬಹುದು.

ಕೊಳ್ಳುವ ಮೊದಲು ನಿಮ್ಮ ಕನ್ಸೋಲ್‌ನ ಸ್ಟಿಕ್ ಕೇಬಲ್‌ನಲ್ಲಿ ಜೋಡಿಸಿದ್ದೋ, ಬೋರ್ಡ್‌ಗೇ ಬೆಸುಗೆ ಹಾಕಿದ್ದೋ ನೋಡಿಕೊಳ್ಳಿ. ಬೆಸುಗೆಯದ್ದಾದರೆ ಈ ಕಿಟ್ ಹೊಂದುವುದಿಲ್ಲ. ವಾರಂಟಿ ಇನ್ನೂ ಇದ್ದರೆ ಕೈ ಹಾಕಲೇಬೇಡಿ, ಸುಮ್ನೆ ರಿಪೇರಿಗೆ ಕಳಿಸಿ. ಅಯಸ್ಕಾಂತದಿಂದ ಮುಚ್ಚಿಕೊಳ್ಳುವ ಕವರ್ ಬಳಸುವವರು ಅದನ್ನು ತೆಗೆದಿಟ್ಟು ಆಡಿ. ಗಟ್ಟಿ ಅಯಸ್ಕಾಂತ ಹತ್ತಿರ ಇದ್ದರೆ ಈ ಸೆನ್ಸರ್‌ನ ಲೆಕ್ಕ ತಪ್ಪುತ್ತದೆ. ನನ್ನ ಬಲಗಡೆ ಸ್ಟಿಕ್ ಇನ್ನೂ ಸರಿಯಾಗಿದೆ, ಹಾಗಾಗಿ ಕಿಟ್‌ನ ಎರಡನೆಯದನ್ನು ಕೂರಿಸಲು ಹೋಗಿಲ್ಲ.