ಸೀಸದ ಬೆಸುಗೆ, ಸೀಸವಿಲ್ಲದ ಬೆಸುಗೆ: ಮೂರು ಸುರುಳಿಗಳನ್ನು ಕರಗಿಸಿ ನೋಡಿದ ಮೇಲೆ

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮೂರು ಸುರುಳಿ ಬೆಸುಗೆ ತಂತಿ (ಸೋಲ್ಡರ್) ತಂದೆ. ಮೂರೂ 0.8 ಮಿ.ಮೀ. ದಪ್ಪದವು. ಒಂದರಲ್ಲಿ ಶೇ 63 ತವರ, ಶೇ 37 ಸೀಸ. ಇನ್ನೊಂದರಲ್ಲಿ ತವರಕ್ಕೆ ಶೇ 0.7ರಷ್ಟು ತಾಮ್ರ ಮಾತ್ರ. ಮೂರನೆಯದರಲ್ಲಿ ತವರದ ಜೊತೆ ಶೇ 3 ಬೆಳ್ಳಿ, ಶೇ 0.5 ತಾಮ್ರ. ಎರಡು ತಿಂಗಳು ಹಳೆಯ ಟ್ರಾನ್ಸಿಸ್ಟರ್ ರೇಡಿಯೊಗಳ ದುರಸ್ತಿಗೂ ಮಕ್ಕಳಿಗೆ ಕಲಿಸುವ ಎಲ್ಇಡಿ ಕಿಟ್‌ಗಳಿಗೂ ಇವನ್ನೇ ಬಳಸಿದೆ.

ಬೆಸೆಯುವ ಸುಖ ಸೀಸದ ತಂತಿಯಲ್ಲಿಯೇ ಹೆಚ್ಚು, ಅದರಲ್ಲಿ ನನಗೆ ಅನುಮಾನವೇ ಇಲ್ಲ. 183 ಡಿಗ್ರಿಯಲ್ಲಿ ಅದು ಒಮ್ಮೆಲೇ ಕರಗುತ್ತದೆ, ಒಮ್ಮೆಲೇ ಗಟ್ಟಿಯಾಗುತ್ತದೆ. ನಡುವೆ ಅಂಬಲಿಯಂತಹ ಸ್ಥಿತಿ ಇಲ್ಲ. ಆದ್ದರಿಂದ ಆರುವಾಗ ಕೈ ಚೂರು ಅಲುಗಿದರೂ ಜೋಡಣೆ ಕೆಡುವುದು ಕಡಿಮೆ. ತಂತಿ ಕರಗಿಸುವ ಬಿಸಿ ಕಡ್ಡಿ, ಅಂದರೆ ಐರನ್, 330 ಡಿಗ್ರಿಯಲ್ಲಿದ್ದರೆ ಸಾಕು, ಲೋಹ ತಾಮ್ರದ ಮೇಲೆ ಎಣ್ಣೆಯಂತೆ ಹರಡಿ ಕನ್ನಡಿಯಂತೆ ಹೊಳೆಯುತ್ತದೆ.

ಬೆಳ್ಳಿಯ ತಂತಿ ಕರಗಲು 217 ಡಿಗ್ರಿಯಾದರೂ ಬೇಕು. ಐರನ್ನನ್ನು 370ಕ್ಕೆ ಏರಿಸಿದ ಮೇಲೆಯೇ ಅದು ನನ್ನ ಮಾತು ಕೇಳಿತು. ಆರಿದ ಮೇಲೆ ಮಂಕಾಗಿ, ತರಿತರಿಯಾಗಿ ಕಾಣುತ್ತದೆ. ಮೊದಲ ವಾರ ಕೆಟ್ಟ ಜೋಡಣೆ ಎಂದುಕೊಂಡು ಒಳ್ಳೆಯವನ್ನೇ ಮತ್ತೆ ಮತ್ತೆ ಬಿಸಿಮಾಡಿ ಒಂದು ಬೋರ್ಡಿನ ತಾಮ್ರದ ಪಟ್ಟಿಯನ್ನೇ ಎಬ್ಬಿಸಿಬಿಟ್ಟೆ. ಮಂಕು ಆ ಲೋಹದ ಸಹಜ ಬಣ್ಣ ಎಂದು ಕಣ್ಣಿಗೆ ಕಲಿಸಬೇಕಾಯಿತು. ತವರ-ತಾಮ್ರದ ತಂತಿ ಅಗ್ಗ, ಆದರೆ 227 ಡಿಗ್ರಿ ಕೇಳುತ್ತದೆ, ಹರಡಲು ಹಟ ಮಾಡುತ್ತದೆ.

ಹಳೆಯ ರೇಡಿಯೊಗಳಿಗೆ ನಾನು ಸೀಸವನ್ನೇ ಬಳಸುತ್ತೇನೆ. ಯುರೋಪಿನ ಒಕ್ಕೂಟ ವಿದ್ಯುನ್ಮಾನ ಸಾಧನಗಳಲ್ಲಿ ಸೀಸವನ್ನು ನಿರ್ಬಂಧಿಸಿದ್ದು 2006ರ ಜುಲೈ 1ರಿಂದ; ಅದಕ್ಕೂ ಎಷ್ಟೋ ಮೊದಲಿನ ಈ ಬೋರ್ಡುಗಳಲ್ಲಿರುವುದು ಸೀಸದ ಬೆಸುಗೆಯೇ. ಅದರ ಮೇಲೆ ಬೇರೆ ಮಿಶ್ರಲೋಹ ಸುರಿದರೆ ಎರಡೂ ಬೆರೆತು ಯಾವ ಶಾಖಕ್ಕೆ ಹೇಗೆ ವರ್ತಿಸುತ್ತದೆ ಎಂಬ ಭರವಸೆ ಇರುವುದಿಲ್ಲ.

ಮಕ್ಕಳ ಮೇಜಿಗೆ ಮಾತ್ರ ಸೀಸ ಬರಕೂಡದು. ಬೆಸೆಯುವಾಗ ಏಳುವ ಹೊಗೆ ಸೀಸದ್ದೆಂದು ಹಲವರು ಹೆದರುತ್ತಾರೆ. ಅದು ತಂತಿಯೊಳಗಿನ ರಾಳದ ಹೊಗೆ. ಉಬ್ಬಸ ಇರುವವರಿಗೆ ಅದೂ ಕೆಟ್ಟದ್ದೇ, ಕಿಟಕಿ ತೆರೆದಿರಬೇಕು. ಸೀಸ ಕುದಿಯುವುದು 1,700 ಡಿಗ್ರಿಯ ಮೇಲೆ. ನಮ್ಮ ಐರನ್ ಅಲ್ಲಿಗೆ ಮುಟ್ಟುವುದಿಲ್ಲ. ಅಪಾಯ ಇರುವುದು ಬೆರಳಿನಲ್ಲಿ. ತಂತಿ ಹಿಡಿದ ಕೈಯಲ್ಲೇ ಚಕ್ಕುಲಿ ತಿಂದರೆ ಸೀಸ ಹೊಟ್ಟೆಗೆ ಹೋಗುತ್ತದೆ, ಮತ್ತು ಬೆಳೆಯುವ ಮಿದುಳಿಗೆ ಇಷ್ಟು ಸೀಸ ಸುರಕ್ಷಿತ ಎಂಬ ಮಟ್ಟವೇ ಇಲ್ಲ. ಹತ್ತು ವರ್ಷದ ಮಗುವಿಗೆ ಹೊಳೆಯುವ ಜೋಡಣೆಗಿಂತ ಅದು ದೊಡ್ಡ ವಿಷಯ.

ಹಾಗೆಂದು ಸೀಸರಹಿತ ತಂತಿ ಸೀಸದ ಗಣಿಯಿಂದ ದೂರವಿದೆ ಎಂದುಕೊಳ್ಳಬಾರದು. ಸೀಸದ ಮುಖ್ಯ ಅದಿರು ಗೆಲೀನ, ಸೀಸ ಮತ್ತು ಗಂಧಕದ ಸಂಯುಕ್ತ; ಒಡೆದರೆ ಪುಟ್ಟ ಘನಗಳಾಗಿ ಬೆಳ್ಳಿಯಂತೆ ಮಿರುಗುತ್ತದೆ. ರಾಜಸ್ಥಾನದ ಝಾವರ್, ರಾಜಪುರ-ದರೀಬಾ, ರಾಂಪುರ-ಅಗೂಚಾ ಗಣಿಗಳಲ್ಲಿ ಅದು ಸತುವಿನ ಅದಿರಿನ ಜೊತೆ ಬೆರೆತೇ ಸಿಗುತ್ತದೆ. ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ನೊರೆ ಎಬ್ಬಿಸಿ, ನೊರೆಗೆ ಅಂಟಿಕೊಂಡು ಮೇಲೆ ಬಂದ ಸೀಸದ ಕಣಗಳನ್ನು ಬೇರ್ಪಡಿಸಿ ಕರಗಿಸುತ್ತಾರೆ. ಭಾರತದಲ್ಲಿ ಅದಿರಿನಿಂದ ತೆಗೆಯುವ ಬೆಳ್ಳಿಯಲ್ಲಿ ಬಹುಪಾಲು ಸಿಗುವುದು ಇದೇ ಸೀಸವನ್ನು ಶುದ್ಧಗೊಳಿಸುವಾಗ. ನನ್ನ ಮೂರನೆಯ ಸುರುಳಿ ದುಬಾರಿಯಾಗಿರುವುದು ಆ ಬೆಳ್ಳಿಯಿಂದಲೇ.

ಈಗ ಸೀಸದ ಸುರುಳಿ ಬೇರೆ ಡಬ್ಬಿಯಲ್ಲಿದೆ, ಅದರ ಐರನ್ ತುದಿ ಮತ್ತು ಸ್ಪಂಜೂ ಬೇರೆ. ಕಿತ್ತ ಬೆಸುಗೆಯ ಚೂರುಗಳನ್ನು ಮುಚ್ಚಳದ ಡಬ್ಬಿಯಲ್ಲಿ ಕೂಡಿಟ್ಟು ಇ-ತ್ಯಾಜ್ಯಕ್ಕೆ ಕೊಡುತ್ತೇನೆ. ಮಕ್ಕಳ ಕಿಟ್‌ಗಳಿಗೆ ಬೆಳ್ಳಿಯ ತಂತಿ. ತವರ-ತಾಮ್ರದ್ದನ್ನು ಮತ್ತೆ ಕೊಳ್ಳುವುದಿಲ್ಲ.