ಏಳೂವರೆ ಟನ್ ಟಿಪ್ಪರ್: ಒಂದು ಮಳೆಗಾಲ ಪೂರ್ತಿ ಓಡಿಸಿದ ಮೇಲೆ

ಸಕಲೇಶಪುರದ ಹತ್ತಿರ ನಮ್ಮದು ಕಾಫಿ ತೋಟ. ಜೊತೆಗೆ ತಮ್ಮ ಸಣ್ಣ ಮಟ್ಟದಲ್ಲಿ ಮನೆ ಕಟ್ಟಿಸುವ ಕಂಟ್ರಾಕ್ಟ್ ಮಾಡುತ್ತಾನೆ. ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು), ಜಲ್ಲಿ, ಸೈಜುಗಲ್ಲು, ತೋಟಕ್ಕೆ ಕೊಟ್ಟಿಗೆ ಗೊಬ್ಬರ, ಇದರ ಮೇಲೆ ಕಾಂಕ್ರೀಟ್ ಮಿಲ್ಲರನ್ನು (ಕಾಂಕ್ರೀಟ್ ಕಲಸುವ ಯಂತ್ರ) ಹಿಂದೆ ಕಟ್ಟಿಕೊಂಡು ಸೈಟಿನಿಂದ ಸೈಟಿಗೆ ಎಳೆಯುವುದು, ಎಲ್ಲಕ್ಕೂ ಒಂದೇ ಗಾಡಿ ಬೇಕಿತ್ತು. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಇಲ್ಲಿ ಹೇಳುವುದು ಈ ಅಳತೆಯ ಯಾವ ಕಂಪನಿ ಗಾಡಿಗೂ ಹೊಂದುತ್ತದೆ.

ಶೋರೂಮಿಗೆ ಹೋದವರೆಲ್ಲ ಮೊದಲು ಕೇಳುವುದು ಎಷ್ಟು ಎಚ್‌ಪಿ, ಎಷ್ಟು ಅಡಿ ಬಾಡಿ ಅಂತ. ನಾನೂ ಅದನ್ನೇ ಕೇಳಿದೆ. ಆದರೆ ನೋಡಬೇಕಾದದ್ದು ಆರ್‌ಸಿಯಲ್ಲಿ ಬರುವ ಎರಡು ಅಂಕಿ. ನಮ್ಮ ಗಾಡಿಯ ಒಟ್ಟು ತೂಕ, ಅಂದರೆ ಲೋಡ್ ಸೇರಿ ಇರಬಹುದಾದ ಗರಿಷ್ಠ ತೂಕ, 7,490 ಕೆಜಿ, ಖಾಲಿ ತೂಕ 3,600 ಕೆಜಿ. ಕಳೆದರೆ ಹೊರಬಹುದಾದದ್ದು 3,890 ಕೆಜಿ. ಡ್ರೈವರು, ಒಬ್ಬ ಆಳು ಕೂತರೆ ಅದರಲ್ಲೂ ನೂರೈವತ್ತು ಕೆಜಿ ಹೋಯಿತು. ಎಂ ಸ್ಯಾಂಡ್ ಒಂದು ಅಡಿಗೆ (ಘನ ಅಡಿ) ಸುಮಾರು 48 ಕೆಜಿ ಅಂತ ಹಿಡಿಯಿರಿ, 75 ಅಡಿಗೆ 3,600 ಕೆಜಿ ಆಯಿತು. ಮುಗಿಯಿತು, ಅಷ್ಟೇ. ಮಳೆಯಲ್ಲಿ ನೆನೆದ ಸ್ಯಾಂಡ್ ಆದರೆ ಇನ್ನೂ ಕಮ್ಮಿ ಹಾಕಬೇಕು. ಜಲ್ಲಿ ಸ್ವಲ್ಪ ಹಗುರ, 80 ಅಡಿ ಆರಾಮಾಗಿ ಹಾಕಬಹುದು. ನೂರು ಅಡಿ ಹಿಡಿಸುವ ಬಾಡಿ ಕಟ್ಟಿಸಿಕೊಡುತ್ತೇವೆ ಎಂದು ಹೇಳುವವರು ಸಿಗುತ್ತಾರೆ. ಬಾಡಿ ಹಿಡಿಸುತ್ತದೆ, ಆದರೆ ಸ್ಪ್ರಿಂಗ್ ಪ್ಲೇಟು, ಬ್ರೇಕು, ಹಬ್ಬು ಎಲ್ಲ ಅದೇ ಹಳೆಯದೇ ಅಲ್ವಾ? ಸಿಕ್ಕಿಬಿದ್ದರೆ ಕಾನೂನಿನಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ, ಹೆಚ್ಚಿನ ಮಾಲನ್ನು ಅಲ್ಲೇ ಇಳಿಸಬೇಕು.

ಹಾಗಾದರೆ ಹತ್ತು ಟನ್ನಿನ ಹತ್ತಿರದ ಗಾಡಿಯನ್ನೇ ಯಾಕೆ ತರಲಿಲ್ಲ? ಎರಡು ಕಾರಣ. ನಮ್ಮ ತೋಟದ ರಸ್ತೆ ಕಿರಿದು, ತಿರುವಿನಲ್ಲಿ ದೊಡ್ಡ ಗಾಡಿ ಎರಡು ಸಲ ರಿವರ್ಸ್ ತಗೋಬೇಕು. ಇನ್ನೊಂದು, ನಮ್ಮ ಡ್ರೈವರ್ ಹತ್ತಿರ ಇರುವುದು ಲಘು ವಾಹನದ, ಅಂದರೆ ಎಲ್‌ಎಂವಿ ಲೈಸೆನ್ಸ್. ಒಟ್ಟು ತೂಕ 7,500 ಕೆಜಿ ದಾಟದ ಟ್ರಾನ್ಸ್‌ಪೋರ್ಟ್ ಗಾಡಿಯನ್ನು ಆ ಲೈಸೆನ್ಸಿನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿದೆ. ನಮ್ಮಂಥವರಿಗೆ ಇದು ದೊಡ್ಡ ಅನುಕೂಲ. ದಿನಾ ನೂರು ಅಡಿ ಲೋಡ್ ಹೊಡೆಯುವ ಕೆಲಸ ನಿಮ್ಮದಾದರೆ ಮಾತ್ರ ಸುಮ್ನೆ ಈ ಅಳತೆ ನೋಡಬೇಡಿ, ದೊಡ್ಡದನ್ನೇ ತನ್ನಿ.

ಈಗ ಎಳೆಯುವ ವಿಷಯ. ಇದರಲ್ಲಿ ನಾವು ಏಟು ತಿಂದಿದ್ದೇವೆ. ಬಾಡಿ ಕಟ್ಟಿದ ವರ್ಕ್‌ಶಾಪಿನವರು ಮಿಲ್ಲರಿಗೆ ಅಂತ ಕೊಕ್ಕೆಯನ್ನು ಹಿಂದೆ ಕೆಳಗಿರುವ ಅಡ್ಡಪಟ್ಟಿಗೆ ವೆಲ್ಡ್ ಮಾಡಿಕೊಟ್ಟಿದ್ದರು. ಆ ಪಟ್ಟಿ ಇರುವುದು ಹಿಂದಿನಿಂದ ಬಂದ ಕಾರು ಅಡಿಗೆ ನುಗ್ಗದೇ ಇರಲಿ ಅಂತ, ಎಳೆಯುವುದಕ್ಕಲ್ಲ. ಮೂರನೇ ತಿಂಗಳಿಗೆ ವೆಲ್ಡ್ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು, ಅದರ ಸುತ್ತ ತುಕ್ಕಿನ ಕೆಂಪು ಗೆರೆ. ಗ್ರೀಸ್ ಹೊಡೆಯಲು ಅಡಿಗೆ ಹೋದ ಹುಡುಗ ನೋಡಿದ್ದಕ್ಕೆ ಬಚಾವ್. ಒಂದು ಟನ್ನಿನ ಆಸುಪಾಸಿನ ಮಿಲ್ಲರ್ ಇಳಿಜಾರಿನಲ್ಲಿ ಕಳಚಿಕೊಂಡಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಕೈ ನಡುಗುತ್ತದೆ. ಆಮೇಲೆ ಚಾಸಿಯ ಎರಡು ಉದ್ದ ಪಟ್ಟಿಗಳ ನಡುವೆ ದಪ್ಪ ಅಡ್ಡಪಟ್ಟಿ ಕೂರಿಸಿ, ಬೋಲ್ಟ್ ಹಾಕಿ, ಅದಕ್ಕೆ ಕೊಕ್ಕೆ ಮಾಡಿಸಿದೆವು. ಪಿನ್ನಿಗೆ ಲಾಕ್, ಜೊತೆಗೆ ಒಂದು ಸರಪಳಿ. ನೀವು ಮೊದಲೇ ಹೀಗೆ ಮಾಡಿಸಿ.

ಮಿಲ್ಲರಿಗೆ ಸ್ವಂತ ಬ್ರೇಕ್ ಇರುವುದಿಲ್ಲ ಅನ್ನುವುದು ನೆನಪಿರಲಿ. ಏರಿನಲ್ಲಿ ಎಳೆಯುವುದು ಕಷ್ಟವಲ್ಲ, ಇಳಿಜಾರಿನಲ್ಲಿ ಅದು ಹಿಂದಿನಿಂದ ತಳ್ಳುತ್ತದೆ. ಅದಕ್ಕೇ ಲೋಡ್ ಇದ್ದಾಗ ಮಿಲ್ಲರ್ ಕಟ್ಟುವುದಿಲ್ಲ ಅಂತ ನಮ್ಮ ಮನೆಯಲ್ಲಿ ನಿಯಮ ಮಾಡಿಕೊಂಡಿದ್ದೇವೆ. ಒಂದು ಟ್ರಿಪ್ ಜಾಸ್ತಿ ಆದರೆ ಆಗಲಿ. ಎಕ್ಸಾಸ್ಟ್ ಬ್ರೇಕ್ (ಹೊಗೆ ಹೋಗುವ ದಾರಿ ತಡೆದು ಇಂಜಿನಿನಿಂದಲೇ ವೇಗ ತಗ್ಗಿಸುವುದು) ಇರುವ ಗಾಡಿ ಸಿಕ್ಕರೆ ಬಿಡಬೇಡಿ. ಇನ್ನೊಂದು ವಿಷಯ ಯಾರೂ ಹೇಳಲಿಲ್ಲ: ಮಿಲ್ಲರ್ ಕಟ್ಟಿದ್ದಾಗ ಬಾಡಿಯನ್ನು ಮೇಲೆತ್ತುವ ಜಾಕಿ ಎತ್ತಲೇಬಾರದು. ಬಾಡಿ ಮೇಲೇಳುವಾಗ ಹಿಂಬದಿಯ ಅಂಚು ಕೆಳಕ್ಕೆ ಬಂದು ಮಿಲ್ಲರಿನ ಮೂತಿಗೆ ತಾಗುತ್ತದೆ.

ಏರಿಗೆ ಎಚ್‌ಪಿಗಿಂತ ಟಾರ್ಕ್ (ಚಕ್ರ ತಿರುಗಿಸುವ ಬಲ) ಮುಖ್ಯ, ಅದೂ ಕಮ್ಮಿ ಆರ್‌ಪಿಎಂನಲ್ಲಿ ಬರಬೇಕು. ನಮ್ಮದು ಲೋಡ್ ಹಾಕಿಕೊಂಡು ಸೆಕೆಂಡ್ ಗೇರಿನಲ್ಲೇ ತೋಟದ ಏರು ಹತ್ತುತ್ತದೆ. ಜೂನ್ ಜುಲೈ ಕೆಸರಿನಲ್ಲಿ ಮಾತ್ರ ಟ್ರ್ಯಾಕ್ಟರಿಗೆ ಸಾಟಿಯಿಲ್ಲ. ಹಿಂದಿನ ಜೋಡಿ ಟೈರುಗಳ ನಡುವೆ ಮಣ್ಣು ಮೆತ್ತಿಕೊಂಡು ಗಾಡಿ ನಿಂತಲ್ಲೇ ಸುತ್ತುತ್ತದೆ. ಕ್ವಾರಿಯಿಂದ ಬಂದ ದಿನ ಅದೇ ಸಂದಿಯಲ್ಲಿ ಕಲ್ಲು ಸಿಕ್ಕಿಕೊಂಡಿರುತ್ತದೆ, ಹಾರೆ ಹಾಕಿ ಮೀಟಿ ತೆಗೆಯದಿದ್ದರೆ ಟೈರ್ ಸೈಡು ಸೀಳಿಹೋಗುತ್ತದೆ. ನಮ್ಮದು ಬಿಎಸ್ 6 (ಹೊಗೆ ಕಮ್ಮಿ ಮಾಡುವ ಹೊಸ ನಿಯಮದ) ಗಾಡಿ, ನಾಲ್ಕೈದು ಕಿಲೋಮೀಟರ್ ಓಡಾಟವೇ ಜಾಸ್ತಿ ಆದ್ದರಿಂದ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಬೇಗ ಹತ್ತುತ್ತದೆ. ವಾರಕ್ಕೊಮ್ಮೆ ಹಾಸನದ ಕಡೆ ಹೈವೇಯಲ್ಲಿ ಒಂದೇ ಸಮ ಓಡಿಸಿಕೊಂಡು ಬಂದರೆ ತೊಂದರೆ ಇಲ್ಲ. ಅಪ್ಪ ಓಡಿಸುತ್ತಿದ್ದ ಹಳೆಯ ಟಾಟಾ 407ಕ್ಕೆ ಈ ರಗಳೆ ಇರಲಿಲ್ಲ, ಆದರೆ ಅದರ ಹೊಗೆಯಲ್ಲಿ ಹಿಂದೆ ಬರುವವರಿಗೆ ದಾರಿಯೇ ಕಾಣುತ್ತಿರಲಿಲ್ಲ.

ಬುಕ್ ಮಾಡುವ ಮೊದಲು ಡೆಮೊ ಗಾಡಿಯನ್ನು ನಿಮ್ಮ ಸೈಟಿಗೇ ತರಿಸಿ. ನಿಮ್ಮದೇ ಲೋಡ್ ಹಾಕಿ, ವೇಬ್ರಿಡ್ಜಿನಲ್ಲಿ ತೂಗಿಸಿ, ನಿಮ್ಮ ಏರಿನ ಅರ್ಧದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ, ಮತ್ತೆ ಎತ್ತಿ. ಹಿಂದಕ್ಕೆ ಎಷ್ಟು ಜಾರಿತು, ಕ್ಲಚ್ ವಾಸನೆ ಬಂತಾ ನೋಡಿ. ನಾವು ನೋಡಿದ್ದು ಮೂರು ಗಾಡಿ, ಅದರಲ್ಲಿ ಎರಡನ್ನು ಆ ಏರಿನಿಂದಲೇ ವಾಪಸ್ ಕಳಿಸಿದೆವು.